ಅವ್ವ ತೊಳೆದು ಕಳಿಸಿದ ಕಲ್ಲು

ಮೊನ್ನೆ ಭಾನುವಾರ ಒಂದು ಬಟ್ಟಲು ತೊಳೆದೆ. ತೊಳೆಯುವುದು ನನಗೆ ಹೊಸದೇನಲ್ಲ. ತೊಳೆಯದ ಪಾತ್ರೆ ಕಣ್ಣಿಗೆ ಬಿದ್ದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಬಚ್ಚಲ ಕಟ್ಟೆಯ ಮೇಲೆ ಬಟ್ಟಲೊಂದರಲ್ಲಿ ಬೆಳ್ಳಗಿನ ಕೆಸರು ನೀರು ನಿಂತಿತ್ತು. ಯಾರೋ ಹಿಟ್ಟು ಕಲಸಿ ಮರೆತಿದ್ದಾರೆ ಎಂದುಕೊಂಡು ಬಕೆಟ್ಟಿನಲ್ಲಿ ಅದ್ದಿ, ನಾರು ಹಾಕಿ ತಿಕ್ಕಿ, ಬೋರಲು ಹಾಕಿದೆ. ಹಾಗೆ ಹಾಕುವಾಗ ಮೂಗಿಗೆ ಒಂದು ವಾಸನೆ ಬಂತು. ಹಿಟ್ಟಿನ ವಾಸನೆಯಲ್ಲ. ಹೊಸ ಮಡಕೆಗೆ ಮೊದಲ ಸಲ ನೀರು ಹಾಕಿದಾಗ ಬರುತ್ತದಲ್ಲ, ಅಂಥದ್ದು.

ಗಂಗಾವತಿಯ ಸಾಲಿಯೊಂದರಲ್ಲಿ ಕಲಿಸುವ ಮಗಳು ರಜೆಗೆಂದು ಕೊಪ್ಪಳಕ್ಕೆ ಬಂದಿದ್ದಳು. ಅವಳು ಬಂದು ಖಾಲಿ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು.

"ಯವ್ವಾ, ಅದು ಮುಖಕ್ಕ ಹಚ್ಚೂ ಮಣ್ಣು. ನೆನೀಲಿ ಅಂತ ಇಟ್ಟಿದ್ದೆ. ಪೂರಾ ಪಾಕೀಟ ಹಾಕಿದ್ದೆ."

"ಮಣ್ಣನ್ನ ಪಾಕೀಟಿನ್ಯಾಗ ತಂದಿಯೇನ?"

"ತೊಳಿಯೂದೊಂದ ಗೊತ್ತು ನಿನಗ. ಏನೈತಿ ಅಂತ ನೋಡಿ ತೊಳೀಬೇಕಿಲ್ಲೋ."

ಪಾಕೀಟಿನ ಮೇಲೆ ಕೆಯೋಲಿನ್ ಎಂದು ಬರೆದಿತ್ತು, ಪಿಂಗಾಣಿ ಮಾಡುವ ಬಿಳಿ ಜೇಡಿ. ಆ ಹೆಸರು ನಮ್ಮ ಮನೆಯಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ನಮ್ಮವರು ಚಷ್ಮಾದ ಮೇಲಿಂದ ಒಮ್ಮೆ ಬಕೆಟ್ಟಿನ ಕಡೆ ನೋಡಿದರು. ಅವರು ನಗುವ ಮನುಷ್ಯ. ಸಾರಿಗೆ ಉಪ್ಪು ಮರೆತರೆ ಬೀದಿಗೆ ಕೇಳುವಂತೆ ನಗುತ್ತಾರೆ. ಅವತ್ತು ನಗಲಿಲ್ಲ. ಪೇಪರನ್ನು ಸಾವಕಾಶ ಮಡಚಿ ಇಟ್ಟರು.

ಅವರು ಯಾಕೆ ನಗಲಿಲ್ಲ ಎಂಬುದು ಅವರನ್ನು ಬಿಟ್ಟರೆ ಈ ಭೂಮಿಯ ಮೇಲೆ ಈಗ ನನಗೊಬ್ಬಳಿಗೇ ಗೊತ್ತು. ನಿಮಗೆ ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ತೊಂಬತ್ತೇಳರಲ್ಲಿ ನನ್ನ ಮದುವೆಯಾದಾಗ ನಮ್ಮವರು ಹೊಸಪೇಟೆ ರಸ್ತೆಯ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ಹುಡುಗ ಲ್ಯಾಬಿನಲ್ಲಿದ್ದಾನೆ ಎಂದಾಗ ನಮ್ಮ ತವರಿನಲ್ಲಿ ಎಲ್ಲರೂ ರಕ್ತ ತಪಾಸಣೆ ಎಂದೇ ತಿಳಿದರು. ನಾನೂ ಹಾಗೆಯೇ ತಿಳಿದು ಬಂದವಳು. ನಮ್ಮ ಓಣಿಯ ಮುದುಕರೊಬ್ಬರು ಒಂದು ಮುಂಜಾನೆ ಸಣ್ಣ ಬಾಟಲಿಯೊಂದನ್ನು ಟವೆಲಿನಲ್ಲಿ ಮುಚ್ಚಿಕೊಂಡು ಬಂದು, "ಸಕ್ಕರಿ ಐತೇನ ನೋಡಿ ಹೇಳಪಾ" ಎಂದು ಕೊಟ್ಟರು. ನಮ್ಮವರು ಎರಡೂ ಕೈ ಹಿಂದೆ ಕಟ್ಟಿಕೊಂಡು, "ಯಜ್ಜಾ, ನಾವು ಕಲ್ಲು ನೋಡವರು" ಎಂದರು. ಅಜ್ಜ ಬಿಡಲಿಲ್ಲ. "ಕಲ್ಲೂ ಐತಿ ಅಂದಾನ ಡಾಕ್ಟರ. ಅದನ್ನೂ ನೋಡಿಬಿಡು."

ಕಲ್ಲು ನೋಡುವುದೆಂದರೆ ಏನು ಎಂಬುದು ನನಗೆ ಅಡುಗೆಮನೆಯ ಭಾಷೆಯಲ್ಲಿಯೇ ತಿಳಿದದ್ದು. ಚೀಲಗಟ್ಟಲೆ ಕಲ್ಲು ಬರುತ್ತಿತ್ತು. ಅದನ್ನು ಒಡೆದು ಗುಡ್ಡೆ ಹಾಕಿ, ಗುಡ್ಡೆಯ ನೆತ್ತಿ ತಟ್ಟಿ ರೊಟ್ಟಿಯ ಹಾಗೆ ಅಗಲ ಮಾಡಿ, ನಾಲ್ಕು ಪಾಲು ಹಾಕಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದನ್ನು ಬಿಡುವುದು. ಇಟ್ಟದ್ದನ್ನು ಕೂಡಿಸಿ ಮತ್ತೆ ಪಾಲು ಮಾಡುವುದು. ಕೊನೆಗೆ ಉಳಿದ ಒಂದು ಮುಷ್ಟಿ ಇಡೀ ಗುಡ್ಡದ ಸುದ್ದಿ ಹೇಳಬೇಕು. "ಇದರಾಗ ಆರಿಸೂ ಹಂಗಿಲ್ಲ. ಛಲೋದು, ಕೆಟ್ಟದ್ದು ಎರಡೂ ಬಂದರ ಖರೆ ಲೆಕ್ಕ" ಎನ್ನುತ್ತಿದ್ದರು. ಆಮೇಲೆ ಜರಡಿ, ಅಯಸ್ಕಾಂತ, ನೀರು. ಕೆಲವು ಅದಿರಿಗೆ ನೊರೆಯ ಕೆಲಸ. ಪುಡಿಯನ್ನು ನೀರಿಗೆ ಹಾಕಿ, ಪೈನ್ ಎಣ್ಣೆಯ ಹನಿ ಬಿಟ್ಟು, ಕೆಳಗಿನಿಂದ ಗಾಳಿ ಊದಿದರೆ ಬೇಕಾದ ಖನಿಜ ನೊರೆಗೆ ಅಂಟಿಕೊಂಡು ಮೇಲೆ ಬರುತ್ತದಂತೆ. ಅವರ ಅಂಗಿಯೆಲ್ಲ ಆ ಎಣ್ಣೆಯ ವಾಸನೆ, ಫಿನಾಯಿಲ್ ಹಾಕಿ ಒರೆಸಿದ ಆಸ್ಪತ್ರೆಯ ಹಾಗೆ. ಬೇಳೆ ಕುದಿಯುವಾಗ ನಾವು ನೊರೆ ತೆಗೆದು ಚೆಲ್ಲುತ್ತೇವೆ. ಅವರು ನೊರೆ ಇಟ್ಟುಕೊಂಡು ಬೇಳೆ ಚೆಲ್ಲುವ ಮಂದಿ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಯಾವುದು ಬೇಕಾದದ್ದು, ಯಾವುದು ಬೇಡವಾದದ್ದು ಎಂದು ಮೊದಲೇ ಹೇಳಲು ಬರುವುದಿಲ್ಲ ಎಂಬುದು ಆಗ ನನಗೆ ಬರೀ ಚೇಷ್ಟೆಯ ಮಾತಾಗಿತ್ತು.

ನನ್ನ ತವರು ಯಲಬುರ್ಗಾ ಕಡೆಯ ಮಂಗಳೂರು. ಮಂಗಳೂರು ಎಂದರೆ ಸಾಕು, ಸಮುದ್ರ ನೋಡಿದವಳೇನೋ ಎಂದು ಜನ ನನ್ನ ಮುಖ ನೋಡುತ್ತಾರೆ. ನಮ್ಮದು ಎರಿ ಹೊಲದ, ಕರಿಮಣ್ಣಿನ ಮಂಗಳೂರು. ಸಮುದ್ರ ಹಾಗಿರಲಿ, ಅಣ್ಣ ನಮ್ಮ ಬರಡು ಮಡ್ಡಿ ಹೊಲದಲ್ಲಿ ಬಾವಿ ತೋಡಿಸಿದರೆ ನೀರೂ ಬರಲಿಲ್ಲ. ಬೆಳ್ಳಗಿನ, ಉಗುರು ಹಾಕಿದರೆ ಉದುರುವ ಪೊಳ್ಳು ಕಲ್ಲು ಬಂತು.

ಮದುವೆಯಾದ ಮೊದಲ ದೀಪಾವಳಿಗೆ ಅಳಿಯಂದಿರು ಬಂದಾಗ ಅಣ್ಣ ಅವರನ್ನು ಬಾವಿಯ ಕಡೆ ಕರೆದೊಯ್ದ. ನಮ್ಮವರು ಒಂದು ಹೆಂಟೆ ಎತ್ತಿಕೊಂಡು ನಾಲಗೆಗೆ ಮುಟ್ಟಿಸಿದರು. ನಾಲಗೆಗೆ ಅಂಟಿದರೆ ಒಳ್ಳೆಯ ಜೇಡಿ ಇರಬಹುದೆಂದು ಲೆಕ್ಕ. ನೀರಿನ ಕೊಡ ಹೊತ್ತು ನಿಂತಿದ್ದ ಅವ್ವ ಅದನ್ನು ನೋಡಿಬಿಟ್ಟಳು. ಅವ್ವ ಅಳಿಯನ ಜೊತೆ ನೇರ ಮಾತಾಡುತ್ತಿರಲಿಲ್ಲ. ಆ ಕಾಲದ ಅತ್ತೆಯರು ಹಾಗೆಯೇ. ಸೆರಗು ಎಳೆದುಕೊಂಡು ನನ್ನನ್ನು ಕೇಳಿದಳು.

"ಅಳಿಯಂದ್ರಿಗೆ ಹೊಟ್ಟಿ ತುಂಬಿಲ್ಲೇನವಾ? ಕಲ್ಲು ನೆಕ್ಕಾಕ ಹತ್ಯಾರ. ಇನ್ನೊಂದು ಹೋಳಿಗಿ ನೀಡಬೇಕಿತ್ತು."

ನಮ್ಮವರು ನಕ್ಕು, "ಇದರದೊಂದು ಚೀಲ ಲ್ಯಾಬಿಗೆ ಕಳಸ್ರಿ, ನೋಡೂಣು" ಎಂದರು. ಹೇಗೆ ಕಳಿಸಬೇಕೆಂದು ಹೇಳಲಿಲ್ಲ. ಅಣ್ಣ ಆ ಸಂಜೆಯೇ ಬಾಯಲ್ಲಿ ಒಂದು ಕಾರ್ಖಾನೆ ಕಟ್ಟಿಸಿ, ಗೇಟಿಗೆ ಕಾವಲುಗಾರನನ್ನೂ ಇಟ್ಟುಬಿಟ್ಟ. ಮಡ್ಡಿ ಹೊಲ ಅಪ್ಪ ಬಿಟ್ಟುಹೋದದ್ದು. ಅದರಿಂದ ಈವರೆಗೆ ಒಂದು ಸೇರು ಜೋಳ ಬಂದಿರಲಿಲ್ಲ. ಅಪ್ಪನ ಹೊಲ ಎಂದಾದರೂ ಉಪಯೋಗಕ್ಕೆ ಬರಲಿ ಎಂಬುದು ಅವ್ವನ ಒಂದೇ ಆಸೆಯಾಗಿತ್ತು.

ಚೀಲ ಬಂತು. ಅಣ್ಣ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು ಇಳಿಸಿದ. ಬಾಯಿ ಬಿಚ್ಚಿದರೆ ಮೇಲೆ ಒಂದು ತೆಂಗಿನಕಾಯಿ, ಎಲೆ ಅಡಿಕೆ. ಕೆಳಗೆ ಕಲ್ಲು, ಒಂದೊಂದೂ ತೊಳೆದಿಟ್ಟ ಗಜ್ಜರಿಯ ಹಾಗೆ ಸ್ವಚ್ಛ, ಮೇಲಿನ ನಾಲ್ಕಕ್ಕೆ ಅರಿಷಿಣ ಕುಂಕುಮ. ಬೀಗರ ಮನೆಗೆ ಹೋಗುವುದು ಮಣ್ಣು ಮೆತ್ತಿಕೊಂಡು ಹೋಗಬಾರದೆಂದು ಅವ್ವ ಉದುರುವ ಹೆಂಟೆಗಳನ್ನೆಲ್ಲ ಬೇರೆ ತೆಗೆದು, ಗಟ್ಟಿ ಇದ್ದವನ್ನು ಆರಿಸಿ, ನಾರಿನಿಂದ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ ಕಳಿಸಿದ್ದಳು. ನಮ್ಮವರು ಚೀಲದೊಳಗೆ ಬಹಳ ಹೊತ್ತು ನೋಡಿದರು. ಅಣ್ಣ ಹೋಗುವವರೆಗೆ ತಡೆದುಕೊಂಡು, ಆಮೇಲೆ ಗೋಡೆ ಹಿಡಿದು ನಕ್ಕರು. ಅವರಿಗೆ ಬೇಕಾಗಿದ್ದು ಆ ಮಣ್ಣು. ಬೇಕಾದದ್ದು ಪೂರಾ ಬಚ್ಚಲಕ್ಕೆ ಹೋಗಿ, ಚೆಲ್ಲಬೇಕಾದ ಹರಳು ಮಾತ್ರ ಪೂಜೆ ಮಾಡಿಸಿಕೊಂಡು ಕೊಪ್ಪಳಕ್ಕೆ ಬಂದಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ನಿಮ್ಮ ಜೊತೆ ನಗುತ್ತಿದ್ದೆ.

ಮುಂದೆ ನನ್ನ ಕುಬಸ, ಬಸುರಿಗೆ ಮಾಡುವ ಸೀಮಂತ. ಅವ್ವ ಹಸಿರು ಸೀರೆ, ಕರ್ಚಿಕಾಯಿಯ ಬುಟ್ಟಿ ಎಲ್ಲ ಹೊರಿಸಿಕೊಂಡು ಬಂದಿದ್ದಳು. ಪಡಸಾಲೆ ತುಂಬ ಗಂಡನ ಕಡೆಯ ಹೆಂಗಸರು. ಲ್ಯಾಬಿನ ದೊಡ್ಡ ಕೆಮಿಸ್ಟ್ ಖಾದರ್ ಸಾಹೇಬರೂ ಊಟಕ್ಕೆ ಬಂದಿದ್ದರು. ಅವರು ಕೆಟ್ಟವರಲ್ಲ. ಅವ್ವನನ್ನು ಕಂಡು ಕೈ ಮುಗಿದು ಹೇಳಿದರು.

"ಅಮ್ಮಾರ, ಆ ಕಲ್ಲಿನ ಚೀಲ ಕಳಿಸಿದವ್ರು ನೀವೇ ಏನ್ರಿ? ಅಷ್ಟು ಸಾಫ್ ಮಾಲು ನಮ್ಮ ಲ್ಯಾಬಿಗೆ ಇನ್ನತನ ಬಂದಿಲ್ಲ ನೋಡ್ರಿ."

ಅವ್ವ ಅದನ್ನು ಹೊಗಳಿಕೆ ಎಂದೇ ತಿಳಿದಳು. ಮುಖ ಅರಳಿತು. ಇಷ್ಟು ಜನರ ನಡುವೆ ದೊಡ್ಡ ಸಾಹೇಬರು ಮಾತಾಡಿಸಿದ್ದಾರೆ. ಸೆರಗು ಸರಿ ಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದಳು.

"ಮೂರು ಮೂರು ಸಲ ತೊಳದೇನ್ರಿ ಯಪ್ಪಾ. ಭಾಳ ಹೊಲಸಿತ್ತು. ಮೊದಲನೇ ನೀರು ಹಾಲಿನಂಗ ಬಂತು, ಎರಡನೇದೂ ಹಂಗ. ಕಡೀಕ ತಿಳಿನೀರು ಬರೂತನ ಬಿಡಲಿಲ್ಲ."

ನಮ್ಮವರಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕರು. ಲ್ಯಾಬಿನಲ್ಲಿ ಅತಿ ಸ್ವಚ್ಛವಾಗಿ ಬಂದ ಯಾವ ಕಲ್ಲಿಗೂ ಈಗ 'ಅತ್ತೀ ಸ್ಯಾಂಪಲ್' ಎನ್ನುತ್ತಾರೆಂದೂ ಹೇಳಿಬಿಟ್ಟರು. "ಅತ್ತೀ, ಆ ಹಾಲಿನಂಥ ನೀರ ನಮಗ ಬೇಕಾಗಿತ್ತು. ನೀವು ಹಾಲು ಚೆಲ್ಲಿ ಗಡಗಿ ಕಳಿಸೀರಿ." ಪಡಸಾಲೆ ಪೂರಾ ನಕ್ಕಿತು. ನಗು ಮೊದಲು ನಿಲ್ಲಿಸಿದವರು ಖಾದರ್ ಸಾಹೇಬರು. ಅವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತು ಅವಳೂ ಎಲ್ಲರ ಜೊತೆ ನಗುತ್ತಿದ್ದಳು. ಅದನ್ನೇ ನನಗೆ ಇವತ್ತಿಗೂ ನೆನೆಸಿಕೊಳ್ಳಲು ಆಗುವುದಿಲ್ಲ. ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತ ನಾನು, ತಲೆಯ ಮೇಲೆ ಅಕ್ಷತೆ ಬೀಳುತ್ತಿರುವಾಗ, ಎದ್ದು ಹೋಗುವಂತೆಯೂ ಇರಲಿಲ್ಲ. ಅವ್ವ ಕೊನೆಗೆ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡು, ಸೆರಗಿನೊಳಗೆ ಹಾಕಿಕೊಂಡಳು.

ಆ ಕೈಗಳ ಬಗ್ಗೆ ಹೇಳಬೇಕು. ತವರಿನ ಓಣಿಯ ಕೂಸುಗಳಿಗೆಲ್ಲ ನೀರು ಎರೆಯಲು ಅವ್ವನೇ ಬೇಕಾಗಿತ್ತು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲಿನ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿದರೆ ಅಳುವ ಕೂಸು ಅಲ್ಲಿಯೇ ನಿದ್ದೆ ಮಾಡುತ್ತಿತ್ತು. ಶಿವ ಅವಳಿಗೆ ಬೆಳೆಯುವ ಹೊಲ ಕೊಡಲಿಲ್ಲ, ಅಂಥ ಎರಡು ಕೈಗಳನ್ನು ಕೊಟ್ಟಿದ್ದ.

ಹೆರಿಗೆಗೆ ತವರಿಗೆ ಹೋದೆ. ಮಗಳು ಹುಟ್ಟಿದಳು. ಅವ್ವ ಬಾಣಂತಿಗೆ ಕೊಡುವ ಅಳವಿ ಕಾಳಿನ ಪಾಯಸ ಮಾಡಿದಳು, ನಾನು ಮಲಗಿದ ಹೊರಸಿನ ಕೆಳಗೆ ಕೆಂಡ ಇಟ್ಟಳು, ಹಂಡೆ ತುಂಬ ನೀರು ಕಾಯಿಸಿದಳು. ನೀರು ಎರೆಯಲು ಮಾತ್ರ ಎದುರುಮನೆಯ ನೀಲವ್ವ ದೊಡ್ಡವ್ವನನ್ನು ಕರೆದಳು. ನೀಲವ್ವನದು ಜೋಳ ಕುಟ್ಟುವ ಕೈ. ಕೂಸು ಕಿರುಚಿ ನೀಲಿಯಾಗುತ್ತಿತ್ತು.

"ನೀನ ಎರಿಯವಾ" ಎಂದೆ.

"ತೊಳೆಯೂ ಕೆಲಸ ನನಗ ಹೇಳಬ್ಯಾಡ. ನನಗೇನು ತಿಳೀತೈತಿ. ನಿಮ್ಮ ಮನಿ ಕೂಸು."

ನಿಮ್ಮ ಮನೆ ಕೂಸು. ತನ್ನ ಮೊಮ್ಮಗಳನ್ನು ಅವ್ವ ಹಾಗೆ ಕರೆದಳು.

ನಮ್ಮವರು ಕೂಸು ನೋಡಲು ಬಂದಾಗ ನಾನು ಎಲ್ಲ ಹೇಳಿದೆ. ಅತ್ತೆಯ ಮುಂದೆ ತಪ್ಪಾಯಿತು ಎನ್ನುವ ರೂಢಿ ಗಂಡಸರಿಗೆ ಇರಲಿಲ್ಲ, ನಮ್ಮವರಿಗೂ ಬರಲಿಲ್ಲ. ಸಲಿಕೆ ಹೊತ್ತು ಮಡ್ಡಿಗೆ ಹೋಗಿ, ಗಟ್ಟಿ ಮೆತ್ತಗೆ ಎಲ್ಲ ಸೇರಿಸಿ ಒಂದು ಚೀಲ ತುಂಬಿ, ಅಂಗಿಯೆಲ್ಲ ಬೆಳ್ಳಗೆ ಮಾಡಿಕೊಂಡು ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿದರು. ಆಮೇಲೆ ನನಗೆ ಹೇಳುವವರಂತೆ ಅವ್ವನಿಗೆ ಹೇಳಿದರು.

"ಅತ್ತಿಯವರಿಗೆ ಹೇಳು, ಇದನ್ನ ಅವರ ತೊಳದು ಕೊಡಬೇಕು. ಎರಡು ಕೊಪ್ಪರಿಗಿ ಬೇಕು, ಒಂದು ಹಳೇ ಧೋತರದ ಅರಿವಿ ಬೇಕು."

ಅಳಿಯ ಕೇಳಿದ್ದಕ್ಕೆ ಇಲ್ಲ ಎನ್ನಬಾರದೆಂದು ಅವ್ವ ಕೂತಳು. ಅವರು ಹೇಳಿದಂತೆ ಹೆಂಟೆಗಳನ್ನು ನೀರಿನಲ್ಲಿ ಬೆರಳಿನಿಂದಲೇ ಬಿಡಿಸಿದಳು. ಹಾಲಿನಂಥ ನೀರನ್ನು ಅರಿವೆಯಲ್ಲಿ ಸೋಸಿ ಇನ್ನೊಂದು ಕೊಪ್ಪರಿಗೆಗೆ ಹಾಕಿದಳು. ಅರಿವೆಯಲ್ಲಿ ಉಳಿದ ಹರಳನ್ನು ಬೇರೆ ಇಟ್ಟಳು. ನೀರು ತಂಗಿದ ಮೇಲೆ ಮೇಲಿನ ತಿಳಿ ಬಸಿದಳು. ತಳದಲ್ಲಿ ಕೆನೆಯಂಥ ಮಣ್ಣು ಉಳಿಯಿತು. ಲ್ಯಾಬಿನಲ್ಲಿಯೂ ಇಷ್ಟೇ, ಪಾತ್ರೆ ಗಾಜಿನದು ಅಷ್ಟೆ. ನಮ್ಮವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಇಷ್ಟು ನಯವಾಗಿ ನಮ್ಮಲ್ಲೆ ಯಾರೂ ಮಾಡಂಗಿಲ್ಲ" ಎಂದರು.

ಅವ್ವ ತಲೆ ಎತ್ತಲಿಲ್ಲ. "ಅಳಿಯಂದ್ರಿಗೆ ಹೇಳವಾ, ನನ್ನ ಸಣ್ಣ ಹುಡುಗಿ ಮಾಡಿ ಆಡಸಬ್ಯಾಡ್ರಿ ಅಂತ."

ಮರುದಿನವೂ ನೀಲವ್ವನೇ ಬಂದಳು.

ಆ ಮಣ್ಣನ್ನು ಲ್ಯಾಬಿಗೆ ಒಯ್ದು ನಮ್ಮವರು ಎಲ್ಲ ಮಾಡಿ ನೋಡಿದರು. ಮಣ್ಣಿನ ಕಣಕ್ಕೆಲ್ಲ ಕಬ್ಬಿಣದ ಹಳದಿ ಹತ್ತಿತ್ತು. ಅಯಸ್ಕಾಂತಕ್ಕೆ ಸಿಗಲಿಲ್ಲ, ಆಮ್ಲಕ್ಕೆ ಪೂರಾ ಬಿಡಲಿಲ್ಲ. ಪಿಂಗಾಣಿ ಕಪ್ಪು-ಬಸಿ ಮಾಡುವವರಿಗೂ ಬೇಡ, ಕಾಗದ ಮಾಡುವವರಿಗೂ ಬೇಡ. ಅಂದರೆ ಅವ್ವ ಮೊದಲು ಚೆಲ್ಲಿದ್ದರಲ್ಲಿ ಏನೂ ಇರಲಿಲ್ಲ. ಇದನ್ನು ಕೇಳಿ ನಾನು ಆ ರಾತ್ರಿ ಶಿವನಿಗೆ ಕೈ ಮುಗಿದೆ ನೋಡಿ. ತವರಿನ ಹೊಲದಲ್ಲಿ ಏನೂ ಇಲ್ಲ ಎಂದು ಕೈ ಮುಗಿದ ಹೆಣ್ಣುಮಗಳು ನಾನೊಬ್ಬಳೇ ಇರಬೇಕು.

ಮುಂದಿನ ಸಲ ಬಂದಾಗ ನಮ್ಮವರು ಆ ಮಣ್ಣಿನಿಂದ ಅಂಗಿಯ ಗುಂಡಿಯಷ್ಟು ಒಂದು ಬಿಲ್ಲೆ ಮಾಡಿ ಸುಟ್ಟು ತಂದಿದ್ದರು. ಗೋಧಿ ಬಿಸ್ಕೀಟಿನ ಬಣ್ಣ. ಅವ್ವನ ಅಂಗೈ ಮೇಲೆ ಇಟ್ಟು ನಾನೇ ಹೇಳಿದೆ.

"ನೋಡವಾ, ಸುಟ್ಟರ ಬೆಳ್ಳಗ ಉಳೀಬೇಕಿತ್ತು. ಇದು ಕೆಂಪಾಗೇತಿ. ನೀ ಚೆಲ್ಲಿದ್ದೂ ಇದ ಮಣ್ಣ. ಏನೂ ಹೋಗಿಲ್ಲ."

ಅವ್ವ ಬಿಲ್ಲೆಯನ್ನು ತಿರುಗಿಸಿ ನೋಡಿದಳು. "ಸುಟ್ಟ ಮ್ಯಾಲೂ ಬೆಳ್ಳಗ ಉಳಿಯೂದು ವಿಭೂತಿ ಒಂದ" ಎಂದಳು. ಬಿಲ್ಲೆಯನ್ನು ನನ್ನ ಕೈಗೆ ಹಾಕಿ, "ನನ್ನ ಸಮಾಧಾನಕ್ಕ ಹೇಳತೀರಿ ನೀವು" ಎಂದಳು.

ಮೊದಲು ನಕ್ಕ ಬಾಯಿ ಆಮೇಲೆ ಖರೆ ಹೇಳಿದರೂ ಕರುಣೆಯಂತೆ ಕೇಳುತ್ತದೆ. ಅದಕ್ಕೆ ನಾವು ಏನು ಮಾಡಬೇಕಿತ್ತು, ನನಗೆ ಈಗಲೂ ತಿಳಿಯದು. ಉಳಿದ ಮಣ್ಣಿನಿಂದ ಅವ್ವ ದೇವರ ಜಗಲಿಯ ಗೋಡೆ ಸಾರಿಸಿದಳು. ಒಂದು ಮಳೆಗಾಲ ಕಳೆಯುವುದರೊಳಗೆ ಗೋಡೆ ಹಳದಿಗೆ ತಿರುಗಿತು. ಅಣ್ಣನಿಗೂ ಕಂಡಿತು, ನನಗೂ ಕಂಡಿತು. ಅವ್ವ ಮಾತ್ರ, "ಒಲಿ ಹೊಗಿ ಹತ್ತೇತಿ" ಎಂದಳು.

ಕೂಸಿನ ಕಥೆ ಅರ್ಧಕ್ಕೆ ಬಿಟ್ಟೆ. ಒಂದು ದಿನ ನೀಲವ್ವ ಕುಷ್ಟಗಿಗೆ ಮಣ್ಣು ಕೊಡಲು ಹೋಗಿದ್ದಳು, ಅವಳ ಅಕ್ಕ ತೀರಿಹೋಗಿದ್ದಳು. ಹೊತ್ತು ಏರಿತು. ಕೂಸು ಹೊಲಸು ಮಾಡಿಕೊಂಡು ಒಂದೇ ಸಮನೆ ಅಳುತ್ತಿತ್ತು. ನಾನು ಹೊರಸಿನಿಂದ ಇಳಿದು ಬಿಸಿನೀರಿನ ತಂಬಿಗೆಗೆ ಕೈ ಹಾಕಿದೆ. ಬಾಗಿಲಲ್ಲಿ ನಿಂತಿದ್ದ ಅವ್ವ, "ಆಚಿ ಸರಿ" ಎಂದಳು. ಸೀರೆ ಮೇಲೆತ್ತಿ, ಕಾಲು ಚಾಚಿ ಕೂತಳು. ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಮೊದಲ ತಂಬಿಗೆ ಎತ್ತಿದವಳು ಹಾಗೆಯೇ ತಡೆದು ನನ್ನ ಕಡೆ ನೋಡಿದಳು.

"ಮೊದಲ ಹೇಳಿಬಿಡತೀನಿ. ತೊಳದ ಮ್ಯಾಲೆ ಏನರ ಕಡಿಮಿ ಬಂದರ ನನ್ನ ಕೇಳಬ್ಯಾಡ್ರಿ."

ನಾನು ನಕ್ಕೆ, ಹೊಟ್ಟೆ ನೋಯುವಂತೆ ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಅವ್ವನೂ ನಕ್ಕಳು. ಕೂಸು ಅವಳ ಕಾಲ ಮೇಲೆ ನಿದ್ದೆ ಹೋಯಿತು. ಆ ದಿನದ ಉಪಕಾರವನ್ನು ಶಿವನ ಹೆಸರಿನಲ್ಲಿ ಇನ್ನೂ ಇಟ್ಟುಕೊಂಡಿದ್ದೇನೆ. ದೀಪ ಹಚ್ಚುವಾಗ ದಿನದ ಸಣ್ಣ ಸಣ್ಣ ಉಪಕಾರ ಎಣಿಸುವ ರೂಢಿ ಅವ್ವನೇ ಕಲಿಸಿದ್ದು. ಹಾಲು ಒಡೆಯಲಿಲ್ಲ, ನಳ ಬಂತು, ಬಸ್ಸಿನಲ್ಲಿ ಸೀಟು ಸಿಕ್ಕಿತು. ಇಂಥವು.

ಆದರೆ ಅಳಿಯನ ಮನೆಯಲ್ಲಿ ಅವ್ವ ಮತ್ತೆ ಒಂದು ಚಾದ ಕಪ್ಪು ಕೂಡ ತೊಳೆಯಲಿಲ್ಲ. ಬಂದರೆ ಪಡಸಾಲೆಯಲ್ಲಿ ಕೈ ಕಟ್ಟಿ ಕೂರುತ್ತಿದ್ದಳು, ಬೇರೆ ಯಾರದೋ ಮನೆಗೆ ಬಂದವರಂತೆ. ಅಪ್ಪನ ಹೊಲದ ಭಾಗ್ಯವನ್ನು ತಾನೇ ಬಚ್ಚಲಕ್ಕೆ ಸುರಿದೆ ಎಂದು ನಂಬಿಕೊಂಡೇ ಅವಳು ತೀರಿಹೋದಳು. ನಮ್ಮವರು ಆ ಮಾತನ್ನು ಮನೆಯಲ್ಲಿ ಎಂದೂ ಎತ್ತಲಿಲ್ಲ. ಲ್ಯಾಬು ಮುಚ್ಚಿತು, ಬೇರೆ ಕೆಲಸವಾಯಿತು, ತಲೆ ಬೆಳ್ಳಗಾಯಿತು. ಗಂಡಸರು, ಮರೆತಿದ್ದಾರೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಮರೆವಿಗಾಗಿ ಒಳಗೊಳಗೆ ಅವರ ಮೇಲೆ ಒಂದು ಸಣ್ಣ ಸಿಟ್ಟನ್ನೂ ಸಾಕಿಕೊಂಡಿದ್ದೆ.

ಈಗ ಭಾನುವಾರಕ್ಕೆ ಬರುತ್ತೇನೆ. ಪೇಪರು ಮಡಚಿಟ್ಟ ನಮ್ಮವರು ಎದ್ದು ಬಚ್ಚಲಕ್ಕೆ ಬಂದರು. ನಾನು ಬಕೆಟ್ಟನ್ನು ಮೋರಿಗೆ ಸುರಿಯಲು ಬಗ್ಗಿದ್ದೆ.

"ಅಲ್ಲೇ ಇಡು. ಅಲುಗಾಡಸಬ್ಯಾಡ."

ಮಣೆ ಹಾಕಿಕೊಂಡು ಬಕೆಟ್ಟಿನ ಮುಂದೆ ಕೂತರು. ಮಗಳು ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿದಳು. ನಾನು ರೊಟ್ಟಿ ಬಡಿದು ಬರುವಷ್ಟರಲ್ಲಿ ನೀರು ತಿಳಿಯಾಗುತ್ತ ಬಂದಿತ್ತು. ಅವರು ಬಕೆಟ್ಟನ್ನು ಓರೆ ಮಾಡಿ, ಒಂದು ಕೈ ಅಡ್ಡ ಹಿಡಿದು, ಹನಿಹನಿಯಾಗಿ ಮೇಲಿನ ನೀರು ಬಸಿದರು. ತಳದಲ್ಲಿ ಬೆಳ್ಳಗೆ ಮಣ್ಣು. ಅದನ್ನು ಬಳಿದು ಬಟ್ಟಲಿಗೆ ಹಾಕಿ ಮಗಳಿಗೆ ಕೊಟ್ಟರು.

"ಹೋಗಿದ್ದಿಲ್ಲವಾ. ತಳದಾಗ ಇತ್ತು."

ಬೆರಳಿಗೆ ಹತ್ತಿದ ಮಣ್ಣನ್ನು ಅವರು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ನನ್ನ ಕಡೆ ನೋಡದೆ, ಬಕೆಟ್ಟಿಗೆ ಹೇಳುವವರಂತೆ ಹೇಳಿದರು.

"ಅವತ್ತ ನಾ ನಗಬಾರದಿತ್ತು. ಯಲಬುರ್ಗಾ ಬಸ್ ಹತ್ತಿ ಹೋಗಿ, ನಿಮ್ಮ ಬಚ್ಚಲ ಗುಂಡಿ ತಳಾ ನೋಡಬೇಕಿತ್ತು. ಅಲ್ಲೇ ಇರತಿತ್ತು ಎಲ್ಲಾ. ಒಂದು ಹಿಡಿ ತಗದು, ಸುಟ್ಟು, ಅವತ್ತ ತೋರಿಸಿದ್ದರ ನಿಮ್ಮವ್ವ ನಂಬತಿದ್ದರು."

ನಾನು ಹಿಟ್ಟಿನ ಕೈಯಲ್ಲಿ ನಿಂತೇ ಇದ್ದೆ. ಇಷ್ಟು ವರ್ಷ ಈ ಮನುಷ್ಯನ ಪಕ್ಕದಲ್ಲಿ ಕೂತು ಉಂಡಿದ್ದೇನೆ. ತಳದಲ್ಲಿ ಏನಿದೆ ಎಂದು ನಾನೂ ನೋಡಿರಲಿಲ್ಲ.

ಮಗಳು ಕೇಳಿದಳು, "ಯಾವ ಬಚ್ಚಲ ಗುಂಡಿ? ಏನ್ ಮಾತಾಡಾಕ ಹತ್ತೀರಿ ಇಬ್ಬರೂ?" ಅವಳ ಮುಖದ ಮೇಲೆ ಆಗಲೇ ಅರ್ಧ ಮಣ್ಣು ಹತ್ತಿತ್ತು. ಆಮೇಲೆ ಹೇಳುತ್ತೇನೆ, ಒಣಗುವಾಗ ಮಾತಾಡಬೇಡ, ಬಿರಿಯುತ್ತದೆ ಎಂದೆ.

ಸಂಜೆ ದೀಪ ಹಚ್ಚಿ ದಿನದ ಉಪಕಾರ ಎಣಿಸಿದೆ. ನೀರು ತಿಳಿಯಾಯಿತು. ಮಣ್ಣು ಸಿಕ್ಕಿತು. ಅವರು ನಗಲಿಲ್ಲ. ಅವ್ವನ ಹೆಸರು ಹೇಳಿ, ಅವಳ ಅಳಿಯ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಅವಳಿಗೆ ಒಪ್ಪಿಸಿದೆ. ಅವ್ವ ಏನೆನ್ನುತ್ತಾಳೆ ಎಂದು ನನಗೆ ಗೊತ್ತು. ಅಳಿಯಂದ್ರಿಗೆ ಹೇಳವಾ, ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ ಅಂತ, ಎನ್ನುತ್ತಾಳೆ. ಹೇಳುತ್ತೇನೆ ಎಂದೆ. ಎದ್ದು ಅಡುಗೆಮನೆಗೆ ಬಂದರೆ ಮಗಳ ಬಟ್ಟಲು ಮೋರಿಯಲ್ಲಿತ್ತು, ಅಂಚಿಗೆ ಬೆಳ್ಳಗೆ ಒಣಗಿಕೊಂಡು. ಕೈ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಇವತ್ತಿಗೂ ಅದು ಹಾಗೆಯೇ ಇದೆ.